ಕರೆಂಟ್ ಹೋಗಿ ಬಂದ ಮೇಲೆ ಪೋಸ್ಟ್‌ಗ್ರೆಸ್ ಏಳ್ತಿಲ್ಲ: ಪೋಸ್ಟ್‌ಮಾಸ್ಟರ್.ಪಿಐಡಿ ಅಳಿಸಬಹುದಾ?

ಸುಮಾ_ಬ್ಯಾಕೆಂಡ್:
ರಾಕಿ ಲಿನಕ್ಸ್ 9. ಒಂದೇ ಮೆಶೀನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರಿನ ಎರಡು ಆವೃತ್ತಿ: 15 ಪೋರ್ಟ್ 5432ರಲ್ಲಿ, 16 ಪೋರ್ಟ್ 5433ರಲ್ಲಿ ಓಡುತ್ತವೆ. ಯುಪಿಎಸ್ ಕೈಕೊಟ್ಟು ಮೆಶೀನ್ ಏಕಾಏಕಿ ಆಫ್ ಆಯ್ತು. ಕರೆಂಟ್ ಬಂದ ಮೇಲೆ 15 ತಾನಾಗೇ ಎದ್ದಿದೆ, 16 ಏಳ್ತಿಲ್ಲ. 16ರ ಲಾಗ್ ಫೋಲ್ಡರಲ್ಲಿ ಇವತ್ತಿನ ಒಂದು ಸಾಲೂ ಇಲ್ಲ. ಜರ್ನಲ್‌ಸಿಟಿಎಲ್‌ನಲ್ಲಿ (ಸಿಸ್ಟಮ್ ಲಾಗ್) ಮಾತ್ರ ಒಂದು ಫೇಟಲ್ ಎರರ್ ಸಿಕ್ಕಿತು: ಪೋಸ್ಟ್‌ಮಾಸ್ಟರ್.ಪಿಐಡಿ ಅನ್ನೋ ಲಾಕ್ ಫೈಲ್ ಆಗಲೇ ಇದೆ, ಪಿಐಡಿ (ಪ್ರೊಸೆಸ್ ನಂಬರ್) 1012ರ ಇನ್ನೊಂದು ಪೋಸ್ಟ್‌ಮಾಸ್ಟರ್ (ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರೊಸೆಸ್) ಇದೇ ಡೈರೆಕ್ಟರಿಯಲ್ಲಿ ಓಡ್ತಿದೆಯಾ ಅಂತ ಕೇಳ್ತಿದೆ.
ಫೈಲ್ ಅಳಿಸಿದ್ರೆ ಡೇಟಾಗೆ ಏನಾದ್ರೂ ಆಗುತ್ತಾ? 15ಕ್ಕೆ ಬರದ ತೊಂದರೆ 16ಕ್ಕೇ ಯಾಕೆ?

ಗಿರೀಶ್_ಡೆವ್:
ಆರ್‌ಎಂ ಹೊಡೆದು ಫೈಲ್ ಅಳಿಸಿ ಸ್ಟಾರ್ಟ್ ಮಾಡಿ. ಎರಡು ಸೆಕೆಂಡಿನ ಕೆಲಸ.

ಕರ್ನಲ್_ಕಾಕಾ:
ಸುಮಾ ಅವರೇ, ದಯವಿಟ್ಟು ಈಗಲೇ ಅಳಿಸಬೇಡಿ. ಮೊದಲು ಒಂದು ವಿಷಯ ತಿಳ್ಕೊಳ್ಳಿ: ಹಳೇ ಲಾಕ್ ಫೈಲನ್ನ ಪೋಸ್ಟ್‌ಗ್ರೆಸ್ ತಾನೇ ಅಳಿಸಿಕೊಳ್ಳುತ್ತೆ. ಕರೆಂಟ್ ಹೋಗಿ ಬಂದಾಗ ಹತ್ತಕ್ಕೆ ಒಂಬತ್ತು ಸಲ ನಿಮಗೆ ಗೊತ್ತೇ ಆಗದ ಹಾಗೆ ಎದ್ದುಬಿಡೋದು ಅದಕ್ಕೇ. ಅದು ಹಠ ಹಿಡಿದು ನಿಂತಿದೆ ಅಂದ್ರೆ ಏನೋ ಒಂದು ಕಣ್ಣಿಗೆ ಬಿದ್ದಿದೆ ಅಂತ ಅರ್ಥ.

ಅದು ಮಾಡೋ ಪರೀಕ್ಷೆ ಹೀಗಿದೆ. ಫೈಲ್ ಇದ್ದರೆ ಮೊದಲ ಸಾಲಿನ ಪಿಐಡಿ ಓದುತ್ತೆ. ಅದು ತನ್ನದೇ ಪಿಐಡಿ ಅಥವಾ ತನ್ನನ್ನ ಹುಟ್ಟಿಸಿದ ಪ್ರೊಸೆಸ್ಸಿನದ್ದಾದರೆ ಲೆಕ್ಕಕ್ಕಿಲ್ಲ. ಬೇರೆ ಆಗಿದ್ದರೆ ಆ ಪಿಐಡಿಗೆ ಸಿಗ್ನಲ್ 0 (ಬದುಕಿದೆಯಾ ಅಂತ ತಿಳಿಯೋಕೆ ಮಾತ್ರ, ಕೊಲ್ಲಲ್ಲ) ಕಳಿಸಿ ನೋಡುತ್ತೆ. ‘ಅಂಥ ಪ್ರೊಸೆಸ್ಸೇ ಇಲ್ಲ’ ಅಂತ ಬಂದರೆ ಹಳೇದು. ‘ಅನುಮತಿ ಇಲ್ಲ’ ಅಂತ ಬಂದರೂ ಹಳೇದೇ, ಯಾಕಂದ್ರೆ ಬೇರೆ ಯೂಸರಿನ ಪ್ರೊಸೆಸ್ ಈ ಡೈರೆಕ್ಟರಿಯ ಪೋಸ್ಟ್‌ಮಾಸ್ಟರ್ ಆಗಿರೋಕೆ ಸಾಧ್ಯವಿಲ್ಲ. ಸಿಗ್ನಲ್ ಹೋಯ್ತು ಅಂದ್ರೆ ಮಾತ್ರ ಅಲ್ಲೇ ಫೇಟಲ್. ಈ ಹಂತ ದಾಟಿದ ಮೇಲೂ, ಏಳನೇ ಸಾಲಲ್ಲಿರೋ ಶೇರ್ಡ್ ಮೆಮೊರಿ (ಪ್ರೊಸೆಸ್ಸುಗಳು ಹಂಚಿಕೊಂಡು ಬಳಸೋ ಮೆಮೊರಿ) ತುಂಡಿಗೆ ಯಾರಾದರೂ ಅಂಟಿಕೊಂಡಿದ್ದಾರಾ ಅಂತ ನೋಡಿ ಆಮೇಲೇ ಅಳಿಸುತ್ತೆ.

ನಿಮ್ಮಲ್ಲಿ ಸಿಗ್ನಲ್ ಹೋಗಿದೆ. ಅಂದರೆ 1012 ಜೀವಂತವಾಗಿದೆ, ಅದೂ ಪೋಸ್ಟ್‌ಗ್ರೆಸ್ ಯೂಸರಿನ ಅಡಿಯಲ್ಲೇ. ಅದು ಏನು ಅಂತ ನೋಡಿ ಹೇಳಿ.

ಲಾಗ್ ಫೋಲ್ಡರ್ ಖಾಲಿ ಇರೋದು ಸಹಜ. ಲಾಕ್ ಪರೀಕ್ಷೆ ಲಾಗಿಂಗ್ ಕಲೆಕ್ಟರ್ ಶುರುವಾಗೋದಕ್ಕಿಂತ ಮುಂಚೆ ನಡೆಯುತ್ತೆ, ಹಾಗಾಗಿ ಆ ದೂರು ಜರ್ನಲ್‌ಗೇ ಹೋಗುತ್ತೆ.

ಸುಮಾ_ಬ್ಯಾಕೆಂಡ್:
ಪಿಎಸ್ ಹಾಕಿ ನೋಡಿದೆ. 1012 ಅಂದರೆ ‘ಪೋಸ್ಟ್‌ಗ್ರೆಸ್: ಚೆಕ್‌ಪಾಯಿಂಟರ್’. ಹಾಗಾದ್ರೆ 16 ನಿಜವಾಗಲೂ ಓಡ್ತಿದೆಯಾ?

ಧಾರವಾಡ_ಡಿಬಿಎ:
ಇಲ್ರೀ, ಅದು 15ರ ಚೆಕ್‌ಪಾಯಿಂಟರ್ (ಮೆಮೊರಿಯೊಳಗಿನ ಡೇಟಾ ಡಿಸ್ಕಿಗೆ ಬರಿಯೂ ಪ್ರೊಸೆಸ್) ಇರಬೇಕು. ಹೆಸರು ನೋಡಿ ನಂಬಬ್ಯಾಡ್ರಿ, ಎರಡೂ ಕ್ಲಸ್ಟರಿನವು (ಅಂದ್ರ ನಿಮ್ಮ 15, 16 ಸರ್ವರಿನವು) ಒಂದೇ ಥರ ಕಾಣ್ತಾವ. /ಪ್ರಾಕ್/1012/ಸಿಡಬ್ಲ್ಯುಡಿ ಎಲ್ಲಿಗೆ ತೋರಸ್ತದ ನೋಡ್ರಿ. ಪೋಸ್ಟ್‌ಮಾಸ್ಟರ್ ಏಳೂಮುಂದ ಡೇಟಾ ಡೈರೆಕ್ಟರಿ ಒಳಗ ಹೋಗಿ ನಿಲ್ತದ, ಅದರ ಮಕ್ಕಳೂ ಅಲ್ಲೇ ಇರ್ತಾವ. ಹಿಂಗಾಗಿ ಆ ಲಿಂಕ್ ಸುಳ್ಳು ಹೇಳಂಗಿಲ್ಲ.

ಸುಮಾ_ಬ್ಯಾಕೆಂಡ್:
ಹೌದು, /ವರ್/ಲಿಬ್/ಪಿಜಿಎಸ್‌ಕ್ಯೂಎಲ್/15/ಡೇಟಾ ತೋರಿಸ್ತಿದೆ.

ಧಾರವಾಡ_ಡಿಬಿಎ:
ಅಲ್ಲಿಗೆ ಗಂಟು ಬಿಚ್ಚಿತು. ಬೂಟ್ ಆಗೂಮುಂದ ಪ್ರತಿ ಸಲ ಹೆಚ್ಚುಕಮ್ಮಿ ಅವೇ ಸರ್ವಿಸ್ ಅದೇ ಕ್ರಮದಾಗ ಏಳ್ತಾವ, ಪಿಐಡಿನೂ ಅಲ್ಲೇ ಆಸುಪಾಸು ಬೀಳ್ತಾವ. ಕರೆಂಟ್ ಹೋಗೂಕಿಂತ ಮೊದಲ 16ರ ಪೋಸ್ಟ್‌ಮಾಸ್ಟರಿಗೆ 1012 ಸಿಕ್ಕಿತ್ತು. ಈ ಸಲ 15 ಮೊದಲ ಎದ್ದು ಅದರ ಮಗುವಿಗೆ ಆ ನಂಬರ್ ಹೋಗೇದ. ಯೂಸರ್ ಎರಡಕ್ಕೂ ಒಂದೇ, ಸಿಗ್ನಲ್ 0 ಮುಟ್ಟೇದ, 16 ಹೆದರಿ ನಿಂತದ.

ಗಿರೀಶ್_ಡೆವ್:
ಕೊನೆಗೆ ಅಳಿಸೋದೇ ಉತ್ತರ ತಾನೆ? ಇಷ್ಟೊಂದು ಸುತ್ತು ಯಾಕೆ?

ಕರ್ನಲ್_ಕಾಕಾ:
@ಗಿರೀಶ್_ಡೆವ್ ಇವರ ಕೇಸಲ್ಲಿ ಅಳಿಸೋದೇ ಉತ್ತರ. ಅದೇ ಫೇಟಲ್ ಬಂದ ಮುಂದಿನವರ ಕೇಸಲ್ಲಿ ಅದು ಡೇಟಾ ಹಾಳು ಮಾಡೋ ದಾರಿ. ಎರಡು ಪೋಸ್ಟ್‌ಮಾಸ್ಟರ್ ಒಂದೇ ಡೈರೆಕ್ಟರಿ ಮೇಲೆ ಕೂತರೆ ಎರಡಕ್ಕೂ ಬೇರೆ ಬೇರೆ ಬಫರ್ (ಮೆಮೊರಿಯಲ್ಲಿ ಇಟ್ಟುಕೊಂಡ ಪೇಜುಗಳ ಪ್ರತಿ). ಒಂದು ಬರೆದ ಪೇಜನ್ನ ಇನ್ನೊಂದು ತನ್ನ ಹಳೇ ಪ್ರತಿಯಿಂದ ಮುಚ್ಚುತ್ತೆ. ಒಂದೇ ಟ್ರಾನ್ಸಾಕ್ಷನ್ ನಂಬರನ್ನ ಇಬ್ಬರೂ ಹಂಚುತ್ತಾರೆ, ವಾಲ್‌ನಲ್ಲಿ (ಬದಲಾವಣೆಗಳನ್ನ ಮೊದಲು ಬರೆದಿಡೋ ಲಾಗ್) ಒಂದೇ ಜಾಗಕ್ಕೆ ಇಬ್ಬರೂ ಬರೀತಾರೆ. ಯೂನಿಕ್ ಇಂಡೆಕ್ಸ್ ಇದ್ದೂ ಡುಪ್ಲಿಕೇಟ್ ಸಾಲು, ‘ಟ್ರಾನ್ಸಾಕ್ಷನ್ನಿನ ಸ್ಥಿತಿ ಓದಲಾಗಲಿಲ್ಲ’ ಅನ್ನೋ ಎರರ್, ಇವೆಲ್ಲ ವಾರಗಟ್ಟಲೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ನಿಮ್ಮ ಬ್ಯಾಕಪ್ಪುಗಳಲ್ಲೂ ಅದೇ ಹಾಳು ಸೇರಿಕೊಂಡಿರುತ್ತೆ. ಇದಕ್ಕೆ ರಿಪೇರಿ ಅನ್ನೋದಿಲ್ಲ, ಒಳ್ಳೇ ಬ್ಯಾಕಪ್ಪಿಂದ ರಿಸ್ಟೋರ್ ಮಾಡೋದೊಂದೇ.

ನಾಗವೇಣಿ_ಎಸ್‌ಆರ್‌ಇ:
ಸುಮಾ, ಈಗ ಮಾಡಬೇಕಾದ್ದು ಇಷ್ಟು.

ಮೊದಲು ಪಿಐಡಿ ಫೈಲನ್ನ ಕ್ಯಾಟ್ ಮಾಡಿ. ಎಂಟು ಸಾಲು ಇರುತ್ತೆ: ಪಿಐಡಿ, ಡೇಟಾ ಡೈರೆಕ್ಟರಿ, ಶುರುವಾದ ಸಮಯ (1970ರಿಂದ ಎಣಿಸಿದ ಸೆಕೆಂಡುಗಳಲ್ಲಿ), ಪೋರ್ಟ್, ಸಾಕೆಟ್ ಡೈರೆಕ್ಟರಿ, ಕೇಳಿಸಿಕೊಳ್ಳೋ ವಿಳಾಸ, ಶೇರ್ಡ್ ಮೆಮೊರಿಯ ಕೀ ಮತ್ತು ಐಡಿ, ಕೊನೆಗೆ ರೆಡಿ ಅಥವಾ ಸ್ಟಾರ್ಟಿಂಗ್ ಅನ್ನೋ ಸ್ಥಿತಿ. ಸ್ಥಿತಿಯ ಸಾಲು 10ನೇ ಆವೃತ್ತಿಯಿಂದ ಬಂದದ್ದು.

ಮೂರನೇ ಸಾಲಿನ ಸಂಖ್ಯೆಯನ್ನ ‘ಡೇಟ್ -ಡಿ @ಸಂಖ್ಯೆ’ ಅಂತ ಕೊಟ್ಟು ತಾರೀಖಿಗೆ ತನ್ನಿ. ‘ಅಪ್‌ಟೈಮ್ -ಎಸ್’ ಜೊತೆ ಹೋಲಿಸಿ. ಫೈಲಿನ ಸಮಯ ಬೂಟ್ ಆದದ್ದಕ್ಕಿಂತ ಹಿಂದಿನದು, ಡಿಸ್ಕ್ ಇದೇ ಮೆಶೀನಿನದು, ಬೇರೆಲ್ಲೂ ಮೌಂಟ್ ಆಗಿಲ್ಲ ಅಂದರೆ ಆ ಸರ್ವರ್ ಖಂಡಿತ ಸತ್ತಿದೆ. ರೀಬೂಟ್ ದಾಟಿ ಯಾವ ಪ್ರೊಸೆಸ್ಸೂ ಬದುಕಲ್ಲ, ಶೇರ್ಡ್ ಮೆಮೊರಿಯೂ ಉಳಿಯಲ್ಲ.

ಆಮೇಲೆ ‘ಫ್ಯೂಸರ್’ ಅಥವಾ ‘ಎಲ್‌ಎಸ್‌ಓಎಫ್’ನಲ್ಲಿ 16ರ ಡೈರೆಕ್ಟರಿಯ ಫೈಲುಗಳನ್ನ ಯಾರೂ ತೆರೆದಿಲ್ಲ ಅಂತ ರೂಟ್ ಆಗಿ ನೋಡಿ. ‘ಎಸ್‌ಎಸ್ -ಎಲ್‌ಟಿಎನ್‌ಪಿ’ಯಲ್ಲಿ 5433 ಖಾಲಿ ಇರಬೇಕು.

ಇಷ್ಟೂ ಸರಿಯಾಗಿದ್ದರೆ ಆರ್‌ಎಂ ಬದಲು ಎಂವಿ ಬಳಸಿ ಫೈಲನ್ನ ಡೇಟಾ ಡೈರೆಕ್ಟರಿಯಿಂದ ಹೊರಗೆ ಇಡಿ. ಸಿಸ್ಟಮ್‌ಡಿ ಮೂಲಕವೇ ಸ್ಟಾರ್ಟ್ ಕೊಡಿ, ಕೈಯಾರೆ ಪಿಜಿ_ಸಿಟಿಎಲ್ ಬೇಡ. ಕೈಯಾರೆ ಎಬ್ಬಿಸಿದ್ದು ಸಿಸ್ಟಮ್‌ಡಿ ಲೆಕ್ಕಕ್ಕೆ ಸಿಗಲ್ಲ, ನಾಳೆ ಅದು ಸರ್ವಿಸ್ ಸತ್ತಿದೆ ಅಂದುಕೊಂಡು ಇನ್ನೊಂದನ್ನ ಎಬ್ಬಿಸೋಕೆ ಹೋಗುತ್ತೆ.

ಲಾಗಲ್ಲಿ ‘ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ, ಆಟೊಮ್ಯಾಟಿಕ್ ರಿಕವರಿ ನಡೀತಿದೆ’ ಅಂತ ಬರುತ್ತೆ. ರೀಡೂ (ವಾಲ್‌ನಲ್ಲಿರೋ ಬದಲಾವಣೆಗಳನ್ನ ಮತ್ತೆ ಹಾಕೋದು) ಶುರುವಾಗಿ ಮುಗಿಯೋ ತನಕ ಸುಮ್ಮನೆ ಕಾಯಿರಿ. ನಡುವೆ ಕಿಲ್ -9 ಹಾಕಬೇಡಿ.

ಮಂಗಳೂರು_ಲಿನಕ್ಸ್:
ಒಂದು ಸೇರಿಸ್ತೇನೆ ಮಾರಾಯ್ರೆ. ಹಳೇ ಬೋರ್ಡಿನಲ್ಲಿ ಸಿಮಾಸ್ ಬ್ಯಾಟರಿ ಸತ್ತಿದ್ರೆ ಬೂಟ್ ಆಗುವಾಗ ಗಡಿಯಾರ ಎಲ್ಲಿಯೋ ಇರ್ತದೆ. ಕ್ರೋನಿ (ಗಡಿಯಾರ ಹೊಂದಿಸುವ ಸರ್ವಿಸ್) ಸರಿ ಮಾಡುವ ಮೊದಲೇ ಪೋಸ್ಟ್‌ಗ್ರೆಸ್ ಎದ್ದಿದ್ರೆ ಫೈಲಿನ ಮೂರನೇ ಸಾಲೇ ತಪ್ಪಿರ್ತದೆ. ಸಮಯದ ಲೆಕ್ಕ ಒಂದನ್ನೇ ನಂಬಿ ಕೂತುಕೊಳ್ಳುವುದು ಬೇಡ, /ಪ್ರಾಕ್ ಒಳಗಿನ ಲಿಂಕನ್ನೂ ನೋಡಿ.

ಸುಮಾ_ಬ್ಯಾಕೆಂಡ್:
ಎಲ್ಲವನ್ನೂ ನೋಡಿದೆ, ಸಮಯ ಬೂಟಿಗಿಂತ ಹಿಂದಿನದೇ. ಎಂವಿ ಮಾಡಿ ಸ್ಟಾರ್ಟ್ ಕೊಟ್ಟೆ. ರೀಡೂ ಮುಗಿದು ಕನೆಕ್ಷನ್ ತಗೊಳ್ತಿದೆ. ತುಂಬಾ ಥ್ಯಾಂಕ್ಸ್. ಇನ್ನೊಮ್ಮೆ ಹೀಗಾಗದ ಹಾಗೆ ಏನು ಮಾಡಬಹುದು? ಯೂನಿಟ್ ಫೈಲಿನ ಎಕ್ಸೆಕ್‌ಸ್ಟಾರ್ಟ್‌ಪ್ರೀನಲ್ಲಿ (ಸರ್ವಿಸ್ ಏಳೋ ಮೊದಲು ಓಡೋ ಕಮಾಂಡ್) ಆರ್‌ಎಂ ಹಾಕಿದ್ರೆ?

ಕರ್ನಲ್_ಕಾಕಾ:
ಬೇಡವೇ ಬೇಡ! ಅದು ಕಾವಲನ್ನೇ ಕಿತ್ತು ಹಾಕಿದ ಹಾಗೆ. ಯಾರೋ ಕೈಯಾರೆ ಪಿಜಿ_ಸಿಟಿಎಲ್‌ನಿಂದ ಎಬ್ಬಿಸಿರುವಾಗ ಇನ್ನೊಬ್ಬರು ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಕೊಟ್ಟರೆ ತಡೆಯೋಕೆ ಇದ್ದದ್ದು ಆ ಫೈಲ್.

ಸರಿಯಾದ ಪರಿಹಾರ: ಎರಡು ಕ್ಲಸ್ಟರಿಗೆ ಎರಡು ಓಎಸ್ ಯೂಸರ್. 16ಕ್ಕೆ ಬೇರೆ ಯೂಸರ್ ಮಾಡಿ, ಸರ್ವಿಸ್ ನಿಲ್ಲಿಸಿ, ಡೇಟಾ ಡೈರೆಕ್ಟರಿಯನ್ನ ಚೌನ್ -ಆರ್ ಮಾಡಿ, ಟೇಬಲ್‌ಸ್ಪೇಸ್ ಇದ್ದರೆ ಅದನ್ನೂ ಸೇರಿಸಿ, ಸಿಸ್ಟಮ್‌ಸಿಟಿಎಲ್ ಎಡಿಟ್‌ನಲ್ಲಿ ಯೂಸರ್ ಮತ್ತು ಗ್ರೂಪ್ ಬದಲಿಸಿ. ಸಾಕೆಟ್ ಡೈರೆಕ್ಟರಿಗೆ ಆ ಯೂಸರ್ ಬರೆಯೋಕೆ ಆಗಬೇಕು, ಪಿಯರ್ ಲಾಗಿನ್ (ಓಎಸ್ ಯೂಸರ್ ಹೆಸರು ನೋಡಿ ಒಳಗೆ ಬಿಡೋದು) ಬಳಸ್ತಿದ್ದರೆ ಪಿಜಿ_ಐಡೆಂಟ್ ಫೈಲಲ್ಲಿ ಮ್ಯಾಪ್ ಕೊಡಬೇಕು. ಆಮೇಲೆ ಪಿಐಡಿ ಡಿಕ್ಕಿ ಹೊಡೆದರೂ ‘ಅನುಮತಿ ಇಲ್ಲ’ ಅಂತ ಉತ್ತರ ಬರುತ್ತೆ, ಪೋಸ್ಟ್‌ಗ್ರೆಸ್ ತಾನೇ ಅಳಿಸಿಕೊಂಡು ಏಳುತ್ತೆ.

ಯೂಸರ್ ಕ್ರಿಯೇಟ್ ಮಾಡುವಾಗ ಸಿಸ್ಟಮ್ ಯೂಸರ್ ಆಗಿಯೇ ಮಾಡಿ. ಸಾಮಾನ್ಯ ಯೂಸರ್ ಆದರೆ ಲಾಗ್‌ಔಟ್ ಆದಾಗ ಸಿಸ್ಟಮ್‌ಡಿಯ ರಿಮೂವ್‌ಐಪಿಸಿ ಸೆಟ್ಟಿಂಗ್ ಅವರ ಮೆಮೊರಿ, ಸೆಮಾಫೋರುಗಳನ್ನ ಗುಡಿಸಿಬಿಡಬಹುದು.

ಕೊಡಗು_ಕೋಡರ್:
ಮ್ಯಾಕ್‌ನಲ್ಲಿ ಹೋಮ್‌ಬ್ರೂ ಪೋಸ್ಟ್‌ಗ್ರೆಸ್‌ಗೆ ಈ ಕಾಟ ಪದೇ ಪದೇ ಬರೋದು ಇದಕ್ಕೇನಾ?

ನಾಗವೇಣಿ_ಎಸ್‌ಆರ್‌ಇ:
ಹೌದು, ಅದೇ ಕಾರಣ. ಹೋಮ್‌ಬ್ರೂ ನಿಮ್ಮ ಲಾಗಿನ್ ಯೂಸರಲ್ಲೇ ಸರ್ವರ್ ಓಡಿಸುತ್ತೆ. ಬ್ರೌಸರ್, ಎಡಿಟರ್, ಮ್ಯೂಸಿಕ್ ಪ್ಲೇಯರ್ ಎಲ್ಲವೂ ಅದೇ ಯೂಸರ್. ಹಳೇ ಪಿಐಡಿ ಇವುಗಳಲ್ಲಿ ಯಾವುದಕ್ಕೆ ಸಿಕ್ಕಿದರೂ ಸಿಗ್ನಲ್ 0 ಮುಟ್ಟುತ್ತೆ, ಪೋಸ್ಟ್‌ಗ್ರೆಸ್ ಏಳಲ್ಲ. ನಿಮಗೆ ಕಾಣೋದು ಪಿಎಸ್‌ಕ್ಯೂಎಲ್‌ನ ದೂರು ಮಾತ್ರ: /ಟಿಎಂಪಿ ಒಳಗೆ ಸಾಕೆಟ್ ಇಲ್ಲ ಅಂತ. ನಿಜವಾದ ಕಾರಣ ಹೋಮ್‌ಬ್ರೂ ಫೋಲ್ಡರಿನ ವರ್/ಲಾಗ್ ಒಳಗಿನ ಫೈಲಲ್ಲಿರುತ್ತೆ. ಆ ಪಿಐಡಿ ಪೋಸ್ಟ್‌ಗ್ರೆಸ್ ಅಲ್ಲ ಅಂತ ಪಿಎಸ್‌ನಲ್ಲಿ ಖಾತ್ರಿ ಮಾಡ್ಕೊಂಡು ಫೈಲ್ ಸರಿಸಿ.

ಎಫ್‌ಲಾಕ್_ಫ್ಯಾನ್:
ಪಿಐಡಿ ಬರೆದಿಟ್ಟು ಊಹೆ ಮಾಡೋದು ಯಾಕೆ? ಎಫ್‌ಸಿಎನ್‌ಟಿಎಲ್ ಲಾಕ್ ಹಾಕಿದ್ರೆ ಪ್ರೊಸೆಸ್ ಸತ್ತ ಕೂಡಲೇ ಕರ್ನಲ್ಲೇ ಬಿಡಿಸುತ್ತೆ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಹಾಗೇ ಮಾಡುತ್ತೆ, ಐಬಿಡೇಟಾ1 ಮೇಲೆ ಲಾಕ್. ಹಳೇ ಲಾಕ್ ಅನ್ನೋ ಮಾತೇ ಬರಲ್ಲ.

ಕರ್ನಲ್_ಕಾಕಾ:
ಇನ್ನೊಡಿಬಿಗೆ ಅದು ಸರಿಹೋಗುತ್ತೆ, ಅದು ಒಂದೇ ಪ್ರೊಸೆಸ್, ಒಳಗೆಲ್ಲ ಥ್ರೆಡ್ಡುಗಳು. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೆ ಬೇರೆ ಪ್ರೊಸೆಸ್ ಫೋರ್ಕ್ ಮಾಡುತ್ತೆ. ಎಫ್‌ಸಿಎನ್‌ಟಿಎಲ್ ಲಾಕ್ ಮಕ್ಕಳಿಗೆ ಬಳುವಳಿಯಾಗಿ ಬರಲ್ಲ. ಪೋಸ್ಟ್‌ಮಾಸ್ಟರಿಗೆ ಯಾರೋ ಕಿಲ್ -9 ಹಾಕಿದರು ಅಂದ್ಕೊಳ್ಳಿ. ಲಾಕ್ ಹೋಯ್ತು. ಆದರೆ ದೊಡ್ಡ ಅಪ್‌ಡೇಟ್ ಓಡಿಸ್ತಿರೋ ಬ್ಯಾಕೆಂಡ್ (ಒಂದು ಕನೆಕ್ಷನ್ನಿನ ಪ್ರೊಸೆಸ್) ಇನ್ನೂ ಬರೀತಾನೇ ಇದೆ. ಖಾಲಿ ಕೂತಿರೋ ಬ್ಯಾಕೆಂಡುಗಳು ಪೋಸ್ಟ್‌ಮಾಸ್ಟರ್ ಸತ್ತದ್ದು ಗೊತ್ತಾಗಿ ತಕ್ಷಣ ಹೊರಡುತ್ತವೆ, ಕ್ವೆರಿ ನಡುವೆ ಇರೋದು ಅಷ್ಟು ಬೇಗ ಗಮನಿಸಲ್ಲ. ಆ ಗಳಿಗೆಯಲ್ಲಿ ಹೊಸ ಸರ್ವರ್ ಎದ್ದರೆ ಕತೆ ಮುಗೀತು.

ಅದಕ್ಕೇ ಸಿಸ್ಟಮ್ ಫೈವ್ ಶೇರ್ಡ್ ಮೆಮೊರಿ. ಎಷ್ಟು ಪ್ರೊಸೆಸ್ ಅಂಟಿಕೊಂಡಿವೆ ಅನ್ನೋ ಎಣಿಕೆಯನ್ನ ಕರ್ನಲ್ ಇಟ್ಟಿರುತ್ತೆ, ಪೋಸ್ಟ್‌ಮಾಸ್ಟರ್ ಸತ್ತರೂ ಮಕ್ಕಳು ಎಣಿಕೆಯಲ್ಲಿ ಇರ್ತಾರೆ.

ಎಫ್‌ಲಾಕ್_ಫ್ಯಾನ್:
9.3ರಿಂದ ಪೋಸ್ಟ್‌ಗ್ರೆಸ್ ಎಮ್‌ಮ್ಯಾಪ್‌ಗೆ (ಮೆಮೊರಿ ಹಂಚಿಕೊಳ್ಳೋ ಇನ್ನೊಂದು ವಿಧಾನ) ಹೋಯ್ತಲ್ಲ? ಸಿಸ್ಟಮ್ ಫೈವ್ ಎಲ್ಲಿದೆ ಈಗ?

ಧಾರವಾಡ_ಡಿಬಿಎ:
ಅದ ರೀ. ದೊಡ್ಡ ಬಫರ್ ಎಮ್‌ಮ್ಯಾಪ್‌ನಾಗ ಹೋತು, ಆದ್ರ ಕಾವಲಿಗಂತ ಸಣ್ಣದೊಂದು ತುಂಡು ಉಳಸ್ಯಾರ. ‘ಐಪಿಸಿಎಸ್ -ಎಂ’ ಹೊಡದು ನೋಡ್ರಿ, 56 ಬೈಟಿನ ಒಂದು ಸಾಲು ಕಾಣ್ತದ. ಶೇರ್ಡ್_ಬಫರ್ಸ್ 8 ಜಿಬಿ ಇದ್ರೂ ಅದು ಅಷ್ಟ. ಪಿಐಡಿ ಫೈಲಿನ ಏಳನೇ ಸಾಲಿನ ಎರಡನೇ ಸಂಖ್ಯೆ ಅಲ್ಲಿಯ ಎಸ್‌ಎಚ್‌ಎಂಐಡಿಗೆ ಹೊಂದಬೇಕು. ಮೊದಲನೇದು ಕೀ, ಆದ್ರ ಫೈಲಿನಾಗ ಅದು ದಶಮಾಂಶದಾಗ ಇರ್ತದ, ಐಪಿಸಿಎಸ್ ಹೆಕ್ಸ್‌ನಾಗ ತೋರಸ್ತದ, ಹಿಂಗಾಗಿ ನೇರ ಹೋಲಿಸಬ್ಯಾಡ್ರಿ. ಎನ್‌ಅಟ್ಯಾಚ್ ಕಾಲಮ್ಮಿನಾಗ 0 ಇದ್ರ ಯಾರೂ ಇಲ್ಲ. ಒಂದಾದ್ರೂ ಇದ್ರ ಆ ಅನಾಥ ಬ್ಯಾಕೆಂಡ್ ಹುಡಕಿ ಸಿಗ್‌ಟರ್ಮ್ ಕೊಡ್ರಿ.

‘ಪಿಕಿಲ್ -ಯು ಪೋಸ್ಟ್‌ಗ್ರೆಸ್’ ಮಾತ್ರ ಹೊಡೀಬ್ಯಾಡ್ರಿ. ಸುಮಾ ಅವರಂಗ ಎರಡು ಕ್ಲಸ್ಟರ್ ಇದ್ರ ಆರಾಮ ಓಡೂದೂ ಬೀಳ್ತದ.

ಗಿರೀಶ್_ಡೆವ್:
ಕಿಲ್ -9 ಆದಮೇಲೆ ಪಿಐಡಿ ಫೈಲನ್ನೂ ಅಳಿಸಿದ್ರೆ ಏಳನೇ ಸಾಲೂ ಹೋಯ್ತಲ್ಲ. ಆಗ ಯಾವ ತುಂಡನ್ನ ನೋಡಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಕರ್ನಲ್_ಕಾಕಾ:
ಒಳ್ಳೇ ಪ್ರಶ್ನೆ. ಹಿಂದೆ ಅಲ್ಲೇ ತೂತಿತ್ತು. 2019ರಲ್ಲಿ ಅದನ್ನ ಬಿಗಿ ಮಾಡಿದರು: ಫೈಲ್ ಇಲ್ಲದಿದ್ದರೂ, ತಾನು ಬಳಸಬೇಕೆಂದಿರೋ ಕೀನಲ್ಲಿ ಹಳೇ ತುಂಡು ಸಿಕ್ಕಿದರೆ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸುತ್ತೆ. 13ರಿಂದ ಆ ಕೀ ಪೋರ್ಟಿನಿಂದ ಹುಟ್ಟಲ್ಲ, ಡೇಟಾ ಡೈರೆಕ್ಟರಿಯ ಐನೋಡ್ ನಂಬರಿನಿಂದ (ಫೈಲ್ ಸಿಸ್ಟಮ್ ಕೊಡೋ ಗುರುತು) ಹುಟ್ಟುತ್ತೆ, ಹಾಗಾಗಿ ಪೋರ್ಟ್ ಬದಲಿಸಿ ಎಬ್ಬಿಸಿದರೂ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಆದರೆ ಇದನ್ನೇ ನೆಚ್ಚಿಕೊಂಡು ಆರ್‌ಎಂ ಹೊಡೀಬೇಡಿ.

ಓಡ್ತಿರೋ ಸರ್ವರಿನ ಫೈಲ್ ಅಳಿಸಿದರೆ ಏನಾಗುತ್ತೆ ಅನ್ನೋದೂ ಗೊತ್ತಿರಲಿ. ಪೋಸ್ಟ್‌ಮಾಸ್ಟರ್ ಸುಮಾರು ನಿಮಿಷಕ್ಕೊಮ್ಮೆ ತನ್ನ ಫೈಲ್ ಇದೆಯಾ, ಅದರಲ್ಲಿ ತನ್ನದೇ ಪಿಐಡಿ ಇದೆಯಾ ನೋಡುತ್ತೆ. ಇಲ್ಲ ಅಂದರೆ ಲಾಕ್ ಫೈಲ್ ಸಿಂಧುವಲ್ಲ ಅಂತ ಲಾಗಲ್ಲಿ ಬರೆದು ಇಮ್ಮೀಡಿಯೆಟ್ ಶಟ್‌ಡೌನ್ ಆಗುತ್ತೆ. ಪ್ರೊಡಕ್ಷನ್ ಸರ್ವರ್ ಕಾರಣವೇ ಇಲ್ಲದೆ ಬಿದ್ದಂತೆ ಕಂಡರೆ ಕ್ಲೀನಪ್ ಸ್ಕ್ರಿಪ್ಟುಗಳನ್ನ ಒಮ್ಮೆ ಅನುಮಾನದಿಂದ ನೋಡಿ.

ಪಾಡ್_ಪ್ರಸನ್ನ:
ಡಾಕರ್ ಬಳಸೋರು ಮೇಲಿನ ನೆಮ್ಮದಿಯನ್ನೆಲ್ಲ ಮರೆತುಬಿಡಿ. ಕಂಟೇನರಿನೊಳಗೆ ಪೋಸ್ಟ್‌ಗ್ರೆಸ್ಸೇ ಪಿಐಡಿ 1. ಹಳೇ ಫೈಲಲ್ಲಿ 1, ಹೊಸದರ ಪಿಐಡಿಯೂ 1. ‘ನನ್ನದೇ ನಂಬರ್, ಹಾಗಾದ್ರೆ ಹಳೇದು’ ಅಂತ ನಿರ್ಧರಿಸಿ ಮುಂದೆ ಹೋಗುತ್ತೆ. ಕ್ರ್ಯಾಶ್ ಆದ ಕಂಟೇನರ್ ಸಲೀಸಾಗಿ ಏಳೋದು ಇದರಿಂದ. ಅದೇ ವಾಲ್ಯೂಮನ್ನ ಎರಡು ಕಂಟೇನರಿಗೆ ಕೊಟ್ಟರೂ ಎರಡೂ ಅಷ್ಟೇ ಸಲೀಸಾಗಿ ಏಳುತ್ತವೆ! ಐಪಿಸಿ ನೇಮ್‌ಸ್ಪೇಸ್ (ಶೇರ್ಡ್ ಮೆಮೊರಿ ಕಾಣೋ ವ್ಯಾಪ್ತಿ) ಬೇರೆ ಬೇರೆ ಆದ್ದರಿಂದ ಶೇರ್ಡ್ ಮೆಮೊರಿ ಪರೀಕ್ಷೆಗೂ ಇನ್ನೊಂದು ಕಾಣಲ್ಲ. ಎರಡು ಕಾವಲೂ ಕುರುಡು. ಎರಡನೇದು ಫೈಲನ್ನ ಮತ್ತೆ ಬರೆದರೂ ಅದರಲ್ಲಿರೋದು 1 ತಾನೆ, ಆ ನಿಮಿಷದ ಪರೀಕ್ಷೆಯೂ ಮೊದಲನೇದಕ್ಕೆ ಎಚ್ಚರಿಕೆ ಕೊಡಲ್ಲ.

ನಾಗವೇಣಿ_ಎಸ್‌ಆರ್‌ಇ:
ಇದನ್ನ ಎಲ್ಲರೂ ಓದಬೇಕು. ಕುಬರ್ನೆಟಿಸ್‌ನಲ್ಲಿ ಇದು ಆಗೋ ದಾರಿಗಳೂ ಇವೆ. ಡಿಪ್ಲಾಯ್‌ಮೆಂಟಲ್ಲಿ ರೋಲಿಂಗ್ ಅಪ್‌ಡೇಟ್ ಇದ್ದರೆ ಹೊಸ ಪಾಡ್ (ಕಂಟೇನರ್ ಓಡೋ ಘಟಕ) ಮೊದಲು ಏಳುತ್ತೆ, ಹಳೇದು ಆಮೇಲೆ ಸಾಯುತ್ತೆ. ರೀಡ್‌ರೈಟ್‌ಒನ್ಸ್ ವಾಲ್ಯೂಮ್ ತಡೆಯುತ್ತೆ ಅಂತ ತುಂಬ ಜನ ನಂಬಿದ್ದಾರೆ, ಅದು ನೋಡಿಕೊಳ್ಳೋದು ಒಂದೇ ನೋಡ್ (ಮೆಶೀನ್) ಅನ್ನೋದನ್ನ ಮಾತ್ರ. ಅದೇ ನೋಡಿನಲ್ಲಿ ಎರಡು ಪಾಡ್ ಮೌಂಟ್ ಮಾಡಬಹುದು. ರೀಡ್‌ರೈಟ್‌ಒನ್ಸ್‌ಪಾಡ್ ಬಳಸಿ, 1.29ರಿಂದ ಅದು ಸ್ಟೇಬಲ್. ಇಲ್ಲವೇ ಸ್ಟೇಟ್‌ಫುಲ್‌ಸೆಟ್. ನೋಡ್ ಉತ್ತರ ಕೊಡ್ತಿಲ್ಲ ಅಂತ ಸ್ಟೇಟ್‌ಫುಲ್‌ಸೆಟ್ ಪಾಡನ್ನ ಫೋರ್ಸ್ ಡಿಲೀಟ್ ಮಾಡಬೇಡಿ. ನೋಡ್ ನೆಟ್‌ವರ್ಕಿನಿಂದ ಕಳಚಿ ಒಳಗೆ ಪಾಡ್ ಇನ್ನೂ ಬರೀತಿರಬಹುದು. ಮೊದಲು ಆ ಮೆಶೀನನ್ನೇ ಪವರ್ ಆಫ್ ಮಾಡಿ.

ಪಾಡ್_ಪ್ರಸನ್ನ:
ಡಾಕರಿನ ಇನ್ನೊಂದು ಮಾತು. ‘ಡಾಕರ್ ಸ್ಟಾಪ್’ 10 ಸೆಕೆಂಡ್ ಕಾದು ಸಿಗ್‌ಕಿಲ್ ಹಾಕುತ್ತೆ. ದೊಡ್ಡ ಬಫರ್ ಇದ್ದರೆ ಶಟ್‌ಡೌನ್ ಚೆಕ್‌ಪಾಯಿಂಟಿಗೆ ಅಷ್ಟು ಸಾಲಲ್ಲ. ಪ್ರತಿ ಡಿಪ್ಲಾಯ್‌ಗೂ ಲಾಗಲ್ಲಿ ರಿಕವರಿ ಕಾಣ್ತಿದ್ದರೆ ಇದೇ ಕಾರಣ ಇರಬಹುದು. ಕಂಪೋಸ್ ಫೈಲಲ್ಲಿ ಸ್ಟಾಪ್_ಗ್ರೇಸ್_ಪಿರಿಯಡ್ ಅನ್ನ 2 ನಿಮಿಷಕ್ಕೆ ಏರಿಸಿ.

ಮಂಗಳೂರು_ಲಿನಕ್ಸ್:
ಎನ್‌ಎಫ್‌ಎಸ್ ಮೇಲೆ ಡೇಟಾ ಇಟ್ಟು ಎರಡು ಮೆಶೀನಿಗೆ ಮೌಂಟ್ ಮಾಡುವವರಿಗೂ ಇದೇ ಅಪಾಯ ಉಂಟು. ಪಿಐಡಿಯೂ ಶೇರ್ಡ್ ಮೆಮೊರಿಯೂ ಆಯಾ ಮೆಶೀನಿನ ಕರ್ನಲಿಗೆ ಮಾತ್ರ ಗೊತ್ತಿರುವುದು. ಎರಡನೇ ಮೆಶೀನಿಗೆ ಮೊದಲನೇದು ಯಾವಾಗಲೂ ಸತ್ತ ಹಾಗೆಯೇ ಕಾಣ್ತದೆ. ಫೈಲ್‌ಓವರ್ ಬೇಕಿದ್ರೆ ಫೆನ್ಸಿಂಗ್ (ಹಳೇ ಮೆಶೀನ್ ಇನ್ನು ಬರೆಯದ ಹಾಗೆ ಕಡಿದು ಹಾಕುವುದು) ಇಲ್ಲದೆ ಆಗುದಿಲ್ಲ.

ಹಾಸನ_ಹೇಮಂತ್:
ಫೈಲ್ ಖಾಲಿ ಇದೆ ಅನ್ನೋ ಎರರ್ ಬಂದರೆ? ಒಳಗೆ ಪಿಐಡಿಯೇ ಇಲ್ಲ.

ನಾಗವೇಣಿ_ಎಸ್‌ಆರ್‌ಇ:
ಫೈಲ್ ಸೃಷ್ಟಿಯಾಗಿ ಪಿಐಡಿ ಬರೆಯೋ ಮೊದಲು ಬಿದ್ದಿದೆ, ಇಲ್ಲವೇ ಇನ್ನೊಂದು ಸರ್ವರ್ ಆ ಕ್ಷಣದಲ್ಲೇ ಏಳ್ತಿದೆ. ಹತ್ತು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಇನ್ನೂ ಖಾಲಿಯೇ ಇದ್ದರೆ ಮೇಲಿನ ಪರೀಕ್ಷೆಗಳನ್ನ ಮಾಡಿ ಸರಿಸಿ. ಡಿಎಫ್ -ಎಚ್ ಕೂಡ ನೋಡಿ, ಡಿಸ್ಕ್ ತುಂಬಿದ್ದರೆ ಮುಂದಿನ ಸಲವೂ ಬರೆಯೋಕೆ ಆಗಲ್ಲ.

ಹಾಸನ_ಹೇಮಂತ್:
ಮತ್ತೆ ವಿಎಂ ಸ್ನ್ಯಾಪ್‌ಶಾಟಿಂದ ರಿಸ್ಟೋರ್ ಮಾಡಿದಾಗ ಈ ಫೈಲೂ ಜೊತೆಗೆ ಬರುತ್ತಲ್ಲ?

ಧಾರವಾಡ_ಡಿಬಿಎ:
ಬರ್ತದ. ಪಿಜಿ_ಬೇಸ್‌ಬ್ಯಾಕಪ್ ಆದ್ರ ಪೋಸ್ಟ್‌ಮಾಸ್ಟರ್.ಪಿಐಡಿ, ಪೋಸ್ಟ್‌ಮಾಸ್ಟರ್.ಆಪ್ಟ್ಸ್ ಎರಡೂ ಬಿಟ್ಟ ತಗೋತದ. ಆರ್‌ಸಿಂಕ್, ಟಾರ್, ಸ್ನ್ಯಾಪ್‌ಶಾಟ್ ಎಲ್ಲಾನೂ ಹೊತ್ಕೊಂಡು ಬರ್ತಾವ. ಬ್ಯಾರೆ ಮೆಶೀನಿಂದ ಬಂದ ಫೈಲಿಗೆ ಬೂಟ್ ಸಮಯದ ಲೆಕ್ಕ ನಡಿಯಂಗಿಲ್ಲ, ಮೂಲ ಸರ್ವರ್ ಈ ಮೆಶೀನ್ ಬೂಟ್ ಆದಮ್ಯಾಲ ಶುರುವಾಗಿರಬಹುದು. ಅಂಥ ಪ್ರತಿಯೊಳಗಿನ ಫೈಲ್ ತೆಗೀಬಹುದು, ಅದು ನಕಲು ಅನ್ನೂದು ಖಾತ್ರಿ ಇದ್ರ ಸಾಕು. ಆದ್ರ ಪಕ್ಕದಾಗ ಬ್ಯಾಕಪ್_ಲೇಬಲ್ ಅಂತ ಫೈಲ್ ಕಂಡ್ರ ಅದನ್ನ ಮುಟ್ಟಬ್ಯಾಡ್ರಿ. ಅದು ಲಾಕ್ ಅಲ್ಲ, ರಿಕವರಿ ಎಲ್ಲಿಂದ ಶುರು ಆಗಬೇಕಂತ ಹೇಳೂ ಫೈಲ್. ಅದನ್ನ ಅಳಿಸಿದ್ರ ಸರ್ವರ್ ಏಳ್ತದ, ಒಳಗ ಡೇಟಾ ಹಾಳಾಗಿರ್ತದ.

ಎಫ್‌ಲಾಕ್_ಫ್ಯಾನ್:
ಮೈಎಸ್‌ಕ್ಯೂಎಲ್‌ನಲ್ಲೂ ಪಿಐಡಿ ನೋಡೋ ಲಾಕ್ ಒಂದಿದೆ, ಅದನ್ನೂ ಹೇಳಿಬಿಡ್ತೀನಿ. 5.7ರಿಂದ ಸಾಕೆಟ್ ಪಕ್ಕದಲ್ಲಿ ಮೈಎಸ್‌ಕ್ಯೂಎಲ್‌ಡಿ.ಸಾಕ್.ಲಾಕ್ ಇರುತ್ತೆ. ‘ಇಂಥ ಪಿಐಡಿಯ ಪ್ರೊಸೆಸ್ ಯೂನಿಕ್ಸ್ ಸಾಕೆಟ್ ಬಳಸ್ತಿದೆ’ ಅಂತ ಬಂದರೆ ಇದೇ ಪಿಐಡಿ ಡಿಕ್ಕಿ. ಇದನ್ನ ತೆಗೆದರೆ ಡೇಟಾಗೆ ಅಪಾಯ ಕಡಿಮೆ, ಐಬಿಡೇಟಾ1 ಮೇಲಿನ ಕರ್ನಲ್ ಲಾಕ್ ಬೇರೆಯೇ ಇದೆ. ಐಬಿಡೇಟಾ1 ಲಾಕ್ ಮಾಡಲಾಗ್ತಿಲ್ಲ, ಎರರ್ 11 ಅಂತ ಬಂದರೆ ಮಾತ್ರ ಅಳಿಸೋ ಫೈಲ್ ಹುಡುಕಬೇಡಿ. ಇನ್ನೊಂದು ಮೈಎಸ್‌ಕ್ಯೂಎಲ್‌ಡಿ ನಿಜವಾಗಲೂ ಬದುಕಿದೆ, ಅದನ್ನ ಹುಡುಕಿ.

ಕೊಡಗು_ಕೋಡರ್:
ಎಸ್‌ಕ್ಯೂಲೈಟ್‌ನ ಹೈಫನ್ ಜರ್ನಲ್, ಹೈಫನ್ ವಾಲ್ ಫೈಲುಗಳೂ ಹೀಗೇನಾ? ಆ್ಯಪ್ ಕ್ರ್ಯಾಶ್ ಆದಮೇಲೆ ಉಳಿದಿರುತ್ತಲ್ಲ, ಅಳಿಸಬಹುದಾ?

ಕರ್ನಲ್_ಕಾಕಾ:
ಇಲ್ಲ, ಅವು ಲಾಕೇ ಅಲ್ಲ. ಜರ್ನಲ್ ಒಳಗೆ ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ನನ್ನ ಹಿಂದಕ್ಕೆ ತರೋಕೆ ಬೇಕಾದ ಹಳೇ ಪೇಜುಗಳಿವೆ. ವಾಲ್ ಒಳಗೆ ಕಮಿಟ್ ಆಗಿ ಇನ್ನೂ ಮುಖ್ಯ ಫೈಲಿಗೆ ಹೋಗದ ಡೇಟಾ ಇರುತ್ತೆ. ಮುಖ್ಯ ಫೈಲಿನ ಜೊತೆ ಉಳಿದಿರೋ ಇಂಥ ಫೈಲುಗಳನ್ನೆಲ್ಲ ಒಟ್ಟಿಗೇ ಇಟ್ಟು ಡೇಟಾಬೇಸ್ ತೆರೆದು ಒಂದು ಸೆಲೆಕ್ಟ್ ಹೊಡೀರಿ, ಎಸ್‌ಕ್ಯೂಲೈಟ್ ತಾನೇ ಸರಿಮಾಡಿಕೊಳ್ಳುತ್ತೆ.